ಹಾಡಿಗುಂಟು, ಲೆಕ್ಕಕ್ಕಿಲ್ಲ: ಡಿಜಿಟಲ್ ಕಾಲದಲ್ಲಿ ರೆಕಾರ್ಡಿಂಗ್ ದುಡ್ಡು ಎಲ್ಲಿಗೆ ಹೋಗುತ್ತದೆ?

ಗೌಹರ್ ಜಾನ್ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, 1930ರ ಜನವರಿಯಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಅರಮನೆಯ ಗಾಯಕಿಯಾಗಿ ಕರೆಸಿಕೊಂಡಿದ್ದರು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಮೊದಲ ಸಲ ಯಂತ್ರ ಹೊತ್ತು ಭಾರತಕ್ಕೆ ಬಂದಾಗ ಕಲ್ಕತ್ತೆಯಲ್ಲಿ ಹಾಡಿದವರಲ್ಲಿ ಈಕೆಯೂ ಒಬ್ಬರು. ಗ್ರಾಮಫೋನ್ ತಟ್ಟೆಯ ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಹೇಳಿ ಮುಗಿಸುತ್ತಿದ್ದರು. ಸುಮ್ನೆ ಗತ್ತಿಗೆ ಹೇಳಿದ ಮಾತಲ್ಲ ಅದು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆಯೂ ಗೊತ್ತಿಲ್ಲ, ಹಾಡಿದವರೂ ಗೊತ್ತಿಲ್ಲ. ಯಾವ ತಟ್ಟೆಗೆ ಯಾರ ಚೀಟಿ ಅಂಟಿಸಬೇಕು ಎಂದು ಆ ಒಂದು ಸಾಲಿನಿಂದ ತಿಳಿಯುತ್ತಿತ್ತು.

ದೇಶವೆಲ್ಲ ತಟ್ಟೆ ಹಾಕಿ ಕೇಳಿದ ಧ್ವನಿ ಅದು. ಆದರೂ ಕೊನೆಗಾಲದಲ್ಲಿ ಅವರಿಗೆ ಆಸರೆಯಾದದ್ದು ಅರಮನೆಯ ಸಂಬಳ. ಇವತ್ತಿನ ಸ್ಟ್ರೀಮಿಂಗ್ ವ್ಯಾಪಾರ, ಅಂದರೆ ಇಂಟರ್ನೆಟ್ಟಿನಿಂದ ನೇರವಾಗಿ ಹಾಡು ಕೇಳಿಸುವ ವ್ಯಾಪಾರ, ಅರ್ಥವಾಗಬೇಕಾದರೆ ಈ ಎರಡು ಸಂಗತಿ ನೆನಪಿಟ್ಟುಕೊಂಡರೆ ಅನುಕೂಲ. ಹಾಡಿನ ಜೊತೆ ಹೆಸರು ಸರಿಯಾಗಿ ಹೋಗಬೇಕು. ಮತ್ತೆ, ಹಾಡು ಓಡಿದ ಮಾತ್ರಕ್ಕೆ ದುಡ್ಡು ಹಾಡಿದವರ ಮನೆಗೆ ಬರುವುದಿಲ್ಲ.

ಅರಮನೆಯ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಗ್ರಾಮಫೋನ್ ಕಂಪನಿಯ ಎಚ್.ಎಂ.ವಿ. ತಟ್ಟೆಗಳಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಹೆಚ್ಚು ಜನ ಕೇಳದ ಸಂಗೀತವನ್ನು ರೆಕಾರ್ಡ್ ಮಾಡಬೇಕಾದರೆ ಆಗ ಒಬ್ಬ ರಾಜನೇ ಬೇಕಿತ್ತು. ಇವತ್ತು ಮೈಸೂರಿನ ಕುವೆಂಪುನಗರದ ಒಂದು ಕೋಣೆ, ಲ್ಯಾಪ್‌ಟಾಪ್, ಒಂದು ಒಳ್ಳೆ ಮೈಕು, ಸದ್ದು ತಡೆಯಲು ಗೋಡೆಗೆ ಅಂಟಿಸಿದ ಸ್ಪಂಜು ಸಾಕು. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ ಬೆಳಿಗ್ಗೆ ಹಾಡಿ ಕೆಲವೇ ದಿನದಲ್ಲಿ ಅದನ್ನು ಜಪಾನಿನಲ್ಲೂ ಕೇಳಿಸಬಹುದು. ರೆಕಾರ್ಡ್ ಮಾಡುವ ಖರ್ಚು, ನಕಲು ತೆಗೆಯುವ ಖರ್ಚು, ಸಾಗಿಸುವ ಖರ್ಚು ಮೂರೂ ನೆಲಕ್ಕೆ ಬಿದ್ದಿವೆ. ಬೀಳದೆ ಉಳಿದದ್ದು ಲೆಕ್ಕದ ಕೆಲಸ. ವ್ಯಾಪಾರದ ಜುಟ್ಟು ಈಗ ಆ ಲೆಕ್ಕ ಇಟ್ಟುಕೊಂಡವರ ಕೈಯಲ್ಲಿದೆ.

ಮೊದಲು ಕ್ಯಾಸೆಟ್ ಕಾಲ ನೋಡೋಣ. ಅಲ್ಲೇ ಇವತ್ತಿನ ಎಷ್ಟೋ ಜಗಳಗಳ ಬೇರು ಇದೆ. ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದದ್ದು 1963ರಲ್ಲಿ. ನಮ್ಮಲ್ಲಿ ಅದರ ಭರಾಟೆ ಎಂಬತ್ತರ ದಶಕದ್ದು. ತಟ್ಟೆ ಒತ್ತಲು ಕಾರ್ಖಾನೆ ಬೇಕಿತ್ತು. ಕ್ಯಾಸೆಟ್ ನಕಲಿಗೆ ಒಂದು ಸಣ್ಣ ಶೆಡ್ ಸಾಕಾಯಿತು. ಹಾಗಾಗಿ ಎಚ್.ಎಂ.ವಿ.ಯ ಏಕಸ್ವಾಮ್ಯ ಮುರಿಯಿತು. ಉತ್ತರದಲ್ಲಿ ಟಿ-ಸೀರೀಸ್, ಬೆಂಗಳೂರಿನಲ್ಲಿ ಸಂಗೀತಾ, ಲಹರಿಯಂಥ ಕಂಪನಿಗಳು ಎದ್ದವು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಭಾವಗೀತೆಗಳು ಮಧ್ಯಮವರ್ಗದ ಮನೆ ಸೇರಿದವು. ಮಂಡ್ಯ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಕ್ರಾಂತಿ ಆಯಿತು. ಕಂಸಾಳೆ, ತಂಬೂರಿ ಹಿಡಿದು ಊರೂರು ಸುತ್ತುತ್ತಿದ್ದವರ ಮಾದಪ್ಪನ ಹಾಡು, ಮಂಟೇಸ್ವಾಮಿ ಕಥೆಗಳೆಲ್ಲ ಕ್ಯಾಸೆಟ್ಟಿಗೆ ಬಂದವು. ಮಳವಳ್ಳಿ ಮಹದೇವಸ್ವಾಮಿಯವರ ಧ್ವನಿ ಈ ಕಡೆ ಮನೆಮಾತಾದದ್ದು ಹಾಗೆ. ಜಾತ್ರೆಯಲ್ಲಿ ಕಡಲೆಪುರಿ ಅಂಗಡಿ ಪಕ್ಕದಲ್ಲೇ ಕ್ಯಾಸೆಟ್ ಅಂಗಡಿ ಇರುತ್ತಿತ್ತು.

ಆಗಿನ ವ್ಯವಹಾರ ಸರಳ. ಹಾಡಿದವರಿಗೆ ಒಂದೇ ಸಲ ಇಷ್ಟು ಅಂತ ದುಡ್ಡು. ಒಂದು ಕಾಗದಕ್ಕೆ ಸಹಿ. ಅಲ್ಲಿಂದ ಮುಂದೆ ರೆಕಾರ್ಡಿಂಗ್ ಕಂಪನಿಯದು. ಇದರಲ್ಲಿ ಮೋಸವಿತ್ತು ಎಂದು ಸಾರಾಸಗಟಾಗಿ ಹೇಳಲು ನನಗೆ ಮನಸ್ಸಿಲ್ಲ. ಕ್ಯಾಸೆಟ್ ಮಾರಾಟ ನಿಂತರೆ ಹಾಡಿನ ಆದಾಯವೂ ನಿಂತಂತೆ ಎಂದು ಎರಡೂ ಕಡೆಯವರು ನಂಬಿದ್ದ ಕಾಲ ಅದು. ನಲವತ್ತು ವರ್ಷದ ನಂತರ ಅದೇ ಹಾಡು ದಿನಾ ದುಡಿಯುತ್ತದೆ ಎಂದು ಯಾರಿಗೆ ಗೊತ್ತಿತ್ತು? ಆದರೆ ಆ ಕಾಗದ ಇವತ್ತಿಗೂ ಜೀವಂತ ಇದೆ. ಕಂಪನಿಯ ಬೀರುವಿನಲ್ಲಿದೆ.

ಆಮೇಲೆ ಬಂದದ್ದು ಎಂ.ಪಿ.3. ಸಿ.ಡಿ.ಯಲ್ಲಿ ನಾಲ್ಕು ನಿಮಿಷದ ಹಾಡಿಗೆ ಸುಮಾರು 40 ಎಂ.ಬಿ. ಜಾಗ ಬೇಕು. ಕಿವಿಗೆ ಅಷ್ಟಾಗಿ ತಿಳಿಯದ ಸದ್ದಿನ ಅಂಶಗಳನ್ನು ಕಿತ್ತುಹಾಕಿ ಎಂ.ಪಿ.3 ಅದನ್ನು 4 ಎಂ.ಬಿ.ಗೆ ಇಳಿಸಿತು. 1999ರಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ಟಿನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಶುರುವಾಯಿತು. ಜನ ಪುಕ್ಕಟೆ ಹಂಚಿಕೊಂಡರು. ಅಲ್ಲಿಂದ ಸುಮಾರು 15 ವರ್ಷ ಜಗತ್ತಿನ ಸಂಗೀತ ಕಂಪನಿಗಳ ಆದಾಯ ಇಳಿಯುತ್ತಲೇ ಹೋಯಿತು. ಮಂಡ್ಯದಲ್ಲಿ ನ್ಯಾಪ್‌ಸ್ಟರ್ ಹೆಸರು ಕೇಳಿದವರು ಕಡಿಮೆ. ನಮ್ಮ ನ್ಯಾಪ್‌ಸ್ಟರ್ ಅಂದ್ರೆ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ. ಮೆಮೊರಿ ಕಾರ್ಡ್ ಕೊಟ್ಟರೆ ಹಳೇ ಹಾಡು, ಹೊಸ ಹಾಡು, ಭಕ್ತಿಗೀತೆ ಅಂತ ಫೋಲ್ಡರ್ ಲೆಕ್ಕದಲ್ಲಿ ತುಂಬಿಕೊಡುತ್ತಿದ್ದರು. ದುಡ್ಡು ತುಂಬಿಸಿದವನಿಗೆ. ಹಾಡಿದವರಿಗೆ, ಬರೆದವರಿಗೆ, ಕಂಪನಿಗೆ ಸೊನ್ನೆ. ಆ ದಿನಗಳಲ್ಲಿ ಕಂಪನಿಗಳನ್ನು ಬದುಕಿಸಿದ್ದರಲ್ಲಿ ಕಾಲರ್ ಟ್ಯೂನ್ ಪಾಲು ದೊಡ್ಡದು. ತಮ್ಮ ಕಿವಿಗೆ ಕೇಳದ, ಫೋನ್ ಮಾಡಿದವರಿಗೆ ಮಾತ್ರ ಕೇಳುವ ಹಾಡಿಗೆ ಜನ ತಿಂಗಳು ತಿಂಗಳು ದುಡ್ಡು ಕಟ್ಟಿದರು. ವಿಚಿತ್ರ ಅಲ್ವಾ? ಆದರೆ ಅದು ಕರೆನ್ಸಿಯಿಂದ ತಾನಾಗಿ ಕಟ್ಟಾಗುತ್ತಿತ್ತು. ದುಡ್ಡು ವಸೂಲಾಗುವ ದಾರಿ ಸುಲಭವಿದ್ದರೆ ವ್ಯಾಪಾರ ನಡೆಯುತ್ತದೆ ಎಂದು ಕಂಪನಿಗಳಿಗೆ ಅಲ್ಲೇ ಪಾಠವಾಯಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಬೆಲೆ ಕುಸಿಯಿತು. ಹಾಡನ್ನು ಕಾರ್ಡಿನಲ್ಲಿ ಇಟ್ಟುಕೊಳ್ಳುವ ಗರಜೇ ಹೋಯಿತು. ಜಗತ್ತಿನ ಲೆಕ್ಕವೂ ತಿರುಗಿತು. ರೆಕಾರ್ಡಿಂಗ್ ಕಂಪನಿಗಳ ಅಂತರರಾಷ್ಟ್ರೀಯ ಸಂಘಟನೆ ಐ.ಎಫ್.ಪಿ.ಐ. ಪ್ರಕಾರ 2024ರಲ್ಲಿ ಈ ಉದ್ಯಮದ ಆದಾಯ 2,960 ಕೋಟಿ ಡಾಲರ್. ಅದರಲ್ಲಿ ಶೇ. 69ರಷ್ಟು ಸ್ಟ್ರೀಮಿಂಗಿನಿಂದ ಬಂದದ್ದು. ದುಡ್ಡು ಕೊಟ್ಟು ಚಂದಾದಾರರಾದವರು 75 ಕೋಟಿ ದಾಟಿದ್ದಾರೆ. ಅಂದರೆ ಉದ್ಯಮ ಸತ್ತಿಲ್ಲ. ಚೆನ್ನಾಗೇ ಇದೆ.

ಹಾಗಿದ್ದರೆ ಹಾಡುವವರು ಯಾಕೆ ಗೊಣಗುತ್ತಾರೆ?

ಒಂದು ಪ್ಲೇಗೆ ಎಷ್ಟು?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ: ನಿಗದಿಯಾದ ದರವೇ ಇಲ್ಲ. ಮಂಡ್ಯದಲ್ಲಿ ಡೇರಿಗೆ ಹಾಲು ಹಾಕುವವರಿಗೆ ಲೀಟರಿಗೆ ಇಷ್ಟು ಎಂದು ಮೊದಲೇ ಗೊತ್ತಿರುತ್ತದೆ. ಪಕ್ಕದ ಮನೆಯವರು ಜಾಸ್ತಿ ಹಾಲು ಹಾಕಿದರು ಅಂತ ನಿಮ್ಮ ಲೀಟರಿನ ದರ ಇಳಿಯುವುದಿಲ್ಲ. ಸ್ಟ್ರೀಮಿಂಗಿನಲ್ಲಿ ಇಳಿಯುತ್ತದೆ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ಒಂದು ಆ್ಯಪ್‌ಗೆ 100 ಜನ ತಿಂಗಳಿಗೆ 100 ರೂಪಾಯಿ ಕಟ್ಟುತ್ತಾರೆ. ಒಟ್ಟು 10,000. ಆ್ಯಪ್ ತನ್ನ ಪಾಲು 3,000 ಇಟ್ಟುಕೊಂಡು ಉಳಿದ 7,000ವನ್ನು ಹಕ್ಕುದಾರರಿಗೆ ಹಂಚುತ್ತದೆ. ಆ ತಿಂಗಳು ಎಲ್ಲರೂ ಸೇರಿ 1 ಲಕ್ಷ ಸಲ ಹಾಡು ಕೇಳಿದರು. ಹಾಗಾದರೆ ಒಂದು ಪ್ಲೇಗೆ 7 ಪೈಸೆ. ಮುಂದಿನ ತಿಂಗಳು ಅದೇ ನೂರು ಜನ 2 ಲಕ್ಷ ಸಲ ಕೇಳಿದರೆ 3.5 ಪೈಸೆ. ನೀವು ಏನೂ ಕಡಿಮೆ ಮಾಡಿಲ್ಲ. ನಿಮ್ಮ ಹಾಡು ಅಷ್ಟೇ ಸಲ ಓಡಿದೆ. ಆದರೂ ನಿಮ್ಮ ದುಡ್ಡು ಅರ್ಧವಾಯಿತು.

ಇನ್ನೂ ಒಂದು ಮಜಾ ಇದೆ. ಮದ್ದೂರಿನ ಒಬ್ಬ ಯಜಮಾನರು ಆ ನೂರು ಜನರಲ್ಲಿ ಒಬ್ಬರು ಅಂದುಕೊಳ್ಳಿ. ಬೆಳಿಗ್ಗೆ ಎದ್ದು ಮಾದಪ್ಪನ ಹಾಡು ಕೇಳುತ್ತಾರೆ. ಬೇರೇನೂ ಕೇಳುವುದಿಲ್ಲ. ಮೊದಲ ತಿಂಗಳಲ್ಲಿ ಅವರದು 50 ಪ್ಲೇ. ಅವರು ಕಟ್ಟಿದ್ದರಲ್ಲಿ ಹಂಚಿಕೆಗೆ ಹೋದದ್ದು 70 ರೂಪಾಯಿ. ಅದು ಪೂರ್ತಿ ಜಾನಪದ ಗಾಯಕರಿಗೆ ಹೋಗಬೇಕು ಅಂತ ನಮಗೆ ಅನ್ನಿಸುತ್ತದೆ. ಹೋಗುವುದು 50 ಪ್ಲೇಗೆ 7 ಪೈಸೆಯಂತೆ ಮೂರೂವರೆ ರೂಪಾಯಿ. ಉಳಿದ 66 ರೂಪಾಯಿ ಚಿಲ್ಲರೆ ಯಾರೋ ಹುಡುಗರು ದಿನವಿಡೀ ಕೇಳಿದ ಹಿಂದಿ, ಪಂಜಾಬಿ, ಇಂಗ್ಲಿಷ್ ಹಾಡುಗಳಿಗೆ. ಜಾಸ್ತಿ ಹೊತ್ತು ಕೇಳುವವರು ಕೇಳುವ ಹಾಡಿಗೆ ಜಾಸ್ತಿ ದುಡ್ಡು. ನಿಷ್ಠೆಗೆ ಇಲ್ಲಿ ಬೆಲೆ ಇಲ್ಲ.

ಇದನ್ನು ಬದಲಿಸಬಹುದು. ಒಬ್ಬ ಕೇಳುಗ ಕಟ್ಟಿದ ದುಡ್ಡು ಅವನು ಕೇಳಿದವರಿಗೇ ಹೋಗುವ ಪದ್ಧತಿಯನ್ನು ಸೌಂಡ್‌ಕ್ಲೌಡ್ ಎಂಬ ಆ್ಯಪ್ 2021ರಲ್ಲಿ ಶುರುಮಾಡಿತು. ದೊಡ್ಡ ಆ್ಯಪ್‌ಗಳು ಅದನ್ನು ಪೂರ್ತಿ ಒಪ್ಪಿಲ್ಲ. ಬದಲಿಗೆ ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿತು. ಹಿಂದಿನ 12 ತಿಂಗಳಲ್ಲಿ 1,000 ಪ್ಲೇ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ, ಅಂದರೆ ರೆಕಾರ್ಡಿಂಗಿನ ಹಕ್ಕುದಾರರಿಗೆ ಸಲ್ಲುವ ಪಾಲೇ, ಇಲ್ಲ. ಆ ಚಿಲ್ಲರೆ ದುಡ್ಡು ಉಳಿದ ಹಾಡುಗಳ ಹಂಚಿಕೆಗೆ ಸೇರುತ್ತದೆ. ಪೈಸೆಗಳನ್ನು ಯಾರ ಖಾತೆಗೂ ಹಾಕಲಾಗುವುದಿಲ್ಲ ಎನ್ನುವ ಅವರ ಸಮಜಾಯಿಷಿಯಲ್ಲಿ ಸ್ವಲ್ಪ ಹುರುಳಿದೆ. ಆದರೂ ಬಡವರ ಚಿಲ್ಲರೆ ಸೇರಿಸಿ ಇದ್ದವರಿಗೆ ಕೊಟ್ಟಂತಾಯಿತು ಎಂದೇ ನನ್ನ ಅನಿಸಿಕೆ.

ಭಾರತದ ಕಥೆ ಇನ್ನೂ ತೆಳು. ಅಮೆರಿಕದಲ್ಲಿ ತಿಂಗಳ ಚಂದಾ 10 ಡಾಲರಿಗೂ ಜಾಸ್ತಿ. ನಮ್ಮಲ್ಲಿ ಅದರ ಒಂದು ಪಾಲು ಮಾತ್ರ. ಅದನ್ನೂ ಕಟ್ಟುವವರು ಕಡಿಮೆ. ಬಹುಪಾಲು ಜನ ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುತ್ತಾರೆ. ಪುಕ್ಕಟೆಯನ್ನೇ ನಂಬಿ ಆ್ಯಪ್ ನಡೆಸುವುದು ಕಷ್ಟ. ರೆಸ್ಸೊ, ವಿಂಕ್ ಎರಡೂ 2024ರಲ್ಲಿ ಬಾಗಿಲು ಹಾಕಿದವು. ಹಳ್ಳಿ ಕಡೆ ಹಾಡು ಕೇಳುವುದು ಅಂದರೆ ಯೂಟ್ಯೂಬ್ ಎಂದೇ ಅರ್ಥ. ಅಲ್ಲಿ ಉದ್ದದ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ. 55 ಚಾನೆಲ್ಲಿಗೆ. ಆದರೆ ಅದಕ್ಕೆ ಮೊದಲು 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್ ಎಂಬ ಪುಟ್ಟ ವಿಡಿಯೊಗಳಿಗೆ 1 ಕೋಟಿ ವೀಕ್ಷಣೆ ಇರಬೇಕು.

ಹಾಡು ಯಾರದು?

ಇಲ್ಲಿ ತುಸು ನಿಧಾನಕ್ಕೆ ಹೋಗೋಣ. ಒಂದು ಹಾಡಿನಲ್ಲಿ ಒಂದೇ ಹಕ್ಕು ಇರುವುದಿಲ್ಲ. ಸಾಹಿತ್ಯ ಒಂದು ಹಕ್ಕು. ರಾಗ ಹಾಕಿದ್ದು ಇನ್ನೊಂದು. ಇವೆರಡನ್ನು ಬಳಸಿ ಮಾಡಿದ ರೆಕಾರ್ಡಿಂಗ್ ಮೂರನೆಯದು. ಸಾಹಿತ್ಯ, ಸಂಗೀತದ ಹಕ್ಕು ಬರೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ನಂತರ 60 ವರ್ಷ. ರೆಕಾರ್ಡಿಂಗ್ ಹಕ್ಕು ಅದು ಹೊರಬಂದ ಮೇಲೆ 60 ವರ್ಷ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆ ಇದೆ. ಅದು ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾನೂನಿಗೆ ಸೇರಿದ್ದೇ 1994ರಲ್ಲಿ.

ಮೈಸೂರಿನ ಆ ವಿದ್ಯಾರ್ಥಿನಿ ಮೂರು ಹಾಡು ಹಾಡಿ ಹಾಕುತ್ತಾಳೆ ಅಂದುಕೊಳ್ಳಿ. ಒಂದು ಪುರಂದರದಾಸರದು. ಯಾರ ಅಪ್ಪಣೆಯೂ ಬೇಡ. ಇನ್ನೊಂದು ಮೈಸೂರು ವಾಸುದೇವಾಚಾರ್ಯರ ಕೀರ್ತನೆ. ಅವರು ತೀರಿಕೊಂಡದ್ದು 1961ರಲ್ಲಿ. ಅವರು ಇದ್ದಾಗಲೇ ಪ್ರಕಟವಾದ ಕೀರ್ತನೆಗಳು 2022ರ ಜನವರಿ 1ರಿಂದ ಎಲ್ಲರ ಸೊತ್ತು. ಅದೂ ಸಲೀಸು. ಮೂರನೆಯದು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆ, ಸಿ. ಅಶ್ವಥ್ ಹಾಕಿದ ರಾಗದಲ್ಲಿ. ಕವಿ ತೀರಿಕೊಂಡದ್ದು 2003ರಲ್ಲಿ, ಹಕ್ಕು 2063ರವರೆಗೆ. ಅಶ್ವಥ್ ಹೋದದ್ದು 2009ರಲ್ಲಿ, ರಾಗದ ಹಕ್ಕು 2069ರವರೆಗೆ. ಆ ಹಾಡು ನಮ್ಮೂರ ಮದುವೆ ಮನೆಗಳಲ್ಲೆಲ್ಲ ಕೇಳಿಸಿದರೂ ಕಾನೂನಿನ ಕಣ್ಣಿಗೆ ಅದು ಸಾರ್ವಜನಿಕ ಸೊತ್ತಲ್ಲ. ಅಪ್ಪಣೆ ಬೇಕು. ಹಾಗೇ, ತಿರುಮಕೂಡಲಿನ ಚೌಡಯ್ಯನವರು 1930–40ರ ದಶಕದಲ್ಲಿ ಪಿಟೀಲು ನುಡಿಸಿದ ಹಳೇ ತಟ್ಟೆಗಳ ರೆಕಾರ್ಡಿಂಗ್ ಹಕ್ಕು ಎಂದೋ ಮುಗಿದಿದೆ. ಅಟ್ಟದಲ್ಲಿ ಅಂಥ ತಟ್ಟೆ ಇದ್ದವರು, ನುಡಿಸಿದ ಕೃತಿಯ ಹಕ್ಕೂ ಮುಗಿದಿದ್ದರೆ, ಧಾರಾಳವಾಗಿ ಡಿಜಿಟಲ್ ಮಾಡಿ ಹಂಚಬಹುದು. ದಯವಿಟ್ಟು ಮಾಡಿ.

ನಿಜವಾದ ತೊಡಕು ಜಾನಪದದಲ್ಲಿ. ಮಾದಪ್ಪನ ಹಾಡಿಗೆ ಕರ್ತೃ ಯಾರು? ಯಾರೂ ಇಲ್ಲ, ಎಲ್ಲರೂ. ಆದರೆ ಎಂಬತ್ತರ ದಶಕದಲ್ಲಿ ಒಂದು ಕಂಪನಿ ಮಾಡಿದ ರೆಕಾರ್ಡಿಂಗಿಗೆ ಒಡೆಯರಿದ್ದಾರೆ. ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ಯಂತ್ರ 2007ರಿಂದ ಕೆಲಸ ಮಾಡುತ್ತಿದೆ. ಕಂಪನಿಗಳು ಕೊಟ್ಟ ಪ್ರತಿ ರೆಕಾರ್ಡಿಂಗಿನ ಗುರುತನ್ನು ಅದು ಇಟ್ಟುಕೊಳ್ಳುತ್ತದೆ. ಹೊಸ ವಿಡಿಯೊ ಬಂದ ಕೂಡಲೇ ಹೋಲಿಸಿ ನೋಡುತ್ತದೆ. ಬರೀ ಸದ್ದಲ್ಲ, ಧಾಟಿಯನ್ನೂ ಹಿಡಿಯುತ್ತದೆ. ಧಾಟಿ ಒಂದೇ ಇರುವುದು ಜಾನಪದದ ಗುಣ. ಯಂತ್ರಕ್ಕೆ ಅದು ಕಳವಿನಂತೆ ಕಾಣಬಹುದು. ತನ್ನ ಗುರುವಿನಿಂದ ಕಲಿತ ಹಾಡನ್ನು ತನ್ನ ಬಾಯಲ್ಲೇ ಹಾಡಿ ಹಾಕಿದವನಿಗೆ ಕ್ಲೇಮ್, ಅಂದರೆ ಈ ಹಾಡು ನಮ್ಮದು ಎಂಬ ಕಂಪನಿಯ ಹಕ್ಕೊತ್ತಾಯ, ಬರುತ್ತದೆ. ಜಾಹೀರಾತು ದುಡ್ಡು ಕ್ಲೇಮ್ ಮಾಡಿದವರ ಕಡೆ ತಿರುಗುತ್ತದೆ. ಇದರ ವಿರುದ್ಧ ತಕರಾರು ಹಾಕಬಹುದು. ಎದುರಿನವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಪರಂಪರೆಯ ಹಾಡು, ನನ್ನದೇ ಹೊಸ ರೆಕಾರ್ಡಿಂಗ್ ಎಂದು ಎರಡು ಸಾಲು ಬರೆದರೆ ಸಾಕು. ಆದರೆ ಬರುವ ಪತ್ರ ಇಂಗ್ಲಿಷಿನಲ್ಲಿ, ಭಾಷೆ ವಕೀಲರದು. ಹೆದರಿ ವಿಡಿಯೊ ತೆಗೆದುಹಾಕುವವರೇ ಜಾಸ್ತಿ. ಹೆದರಬೇಡಿ.

ಬರೆದವರ ವಿಷಯದಲ್ಲಿ ಕಾನೂನು ಒಂದು ಒಳ್ಳೆ ಕೆಲಸ ಮಾಡಿದೆ. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ದುಡ್ಡು ಕೊಟ್ಟು ಬರೆಸಿದ ಸಿನಿಮಾ ಹಾಡಿಗೆ ನಿರ್ಮಾಪಕರೇ ಒಡೆಯರು ಎಂದು. 2012ರ ತಿದ್ದುಪಡಿ ಇದನ್ನು ಸಡಿಲಿಸಿತು. ಈಗ ಸಾಹಿತಿ, ಸಂಗೀತ ನಿರ್ದೇಶಕರು ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಪಾಲನ್ನು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ಹಕ್ಕು ಸಂಘಕ್ಕೆ ಮಾತ್ರ ಕೊಡಬಹುದು. ಆ ದುಡ್ಡು ವಸೂಲಿ ಮಾಡುವುದು 1969ರಲ್ಲಿ ಶುರುವಾದ ಐ.ಪಿ.ಆರ್.ಎಸ್. ಎಂಬ ಸಂಘ. ಸದಸ್ಯರಾಗದಿದ್ದರೆ ನಿಮ್ಮ ಪಾಲು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಹಾಡುಗಾರರಿಗೆ 2013ರಲ್ಲಿ ಇಸ್ರಾ ಎಂಬ ಹೆಸರಿನಲ್ಲಿ ಹುಟ್ಟಿದ, ಈಗ ಇಸಾಮ್ರಾ ಎಂದಾಗಿರುವ ಬೇರೆ ಸಂಘವಿದೆ. ಮೈಸೂರು, ಮಂಡ್ಯ ಕಡೆ ಬರೆಯುವ ಎಷ್ಟೋ ಜನರಿಗೆ ಈ ಹೆಸರುಗಳೇ ಗೊತ್ತಿಲ್ಲ.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು. ಗೌಹರ್ ಜಾನ್ ಬಾಯಲ್ಲಿ ಹೇಳಿದ್ದನ್ನು ಈಗ ಫಾರ್ಮಿನಲ್ಲಿ ತುಂಬಬೇಕು. ಅದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಪ್ರತಿ ರೆಕಾರ್ಡಿಂಗಿಗೂ ಐ.ಎಸ್.ಆರ್.ಸಿ. ಎಂಬ 12 ಅಕ್ಷರದ ಗುರುತು ಸಂಖ್ಯೆ ಇರುತ್ತದೆ. ಆ್ಯಪ್‌ಗಳಿಗೆ ಹಾಡು ತಲುಪಿಸುವ ಡಿಸ್ಟ್ರಿಬ್ಯೂಟರ್ ಅದನ್ನು ಕೊಡಿಸುತ್ತಾನೆ. ಇಷ್ಟು ಹಾಡಿಗೆ ವರ್ಷಕ್ಕೆ ಇಷ್ಟು ಅಂತಲೋ, ಆದಾಯದಲ್ಲಿ ಪಾಲು ಅಂತಲೋ ತೆಗೆದುಕೊಳ್ಳುತ್ತಾನೆ. ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ ಬರೆದರೆ ಆ್ಯಪ್‌ಗೆ ನೀವು ಇಬ್ಬರು. ಕೇಳುಗರೂ ಎರಡು ಪುಟಕ್ಕೆ ಹಂಚಿಹೋಗುತ್ತಾರೆ. ತಬಲ ನುಡಿಸಿದವರ ಹೆಸರು ಹಾಕಲು ಎಷ್ಟೋ ಜನರಿಗೆ ಬೇಸರ. ಇದು ಸಣ್ಣತನ.

ಹಳೇ ಹಾಡಿನ ಬೆಲೆ, ಹೊಸ ಹಾಡಿನ ಆತುರ

ಸ್ಟ್ರೀಮಿಂಗಿನ ದೊಡ್ಡ ಲಾಭ ಹಳೇ ಹಾಡುಗಳ ಒಡೆಯರಿಗೆ. ಅಂಗಡಿಯಲ್ಲಿ ಜಾಗ ಇಷ್ಟೇ ಅಂತ ಇರುತ್ತಿತ್ತು. ಹೊಸ ಕ್ಯಾಸೆಟ್ ಬಂದರೆ ಹಳೆಯದು ಕೆಳಗಿಳಿಯುತ್ತಿತ್ತು. ಈಗ ಆ ಸಮಸ್ಯೆಯೇ ಇಲ್ಲ. ಅಮೆರಿಕದಲ್ಲಿ ಒಟ್ಟು ಕೇಳುವಿಕೆಯ ಮುಕ್ಕಾಲು ಪಾಲಿನ ಹತ್ತಿರ ಹದಿನೆಂಟು ತಿಂಗಳಿಗಿಂತ ಹಳೇ ಹಾಡುಗಳದ್ದು. ಎಚ್.ಎಂ.ವಿ.ಯ ಉತ್ತರಾಧಿಕಾರಿ ಸರೇಗಮ 2017ರಲ್ಲಿ ಹಳೇ ರೇಡಿಯೊ ಥರದ ಡಬ್ಬಿಯೊಳಗೆ 5,000 ಹಾಡು ತುಂಬಿ ಕಾರವಾನ್ ಎಂದು ಮಾರಿತು. ಅಪ್ಪ ಅಮ್ಮನಿಗೆ ಉಡುಗೊರೆ ಕೊಡಲು ಜನ ಮುಗಿಬಿದ್ದರು. ಅದರೊಳಗಿನ ರೆಕಾರ್ಡಿಂಗುಗಳು ದಶಕಗಳ ಹಿಂದೆಯೇ ಆಗಿದ್ದವು.

ಹೊಸಬರು ಏನು ಮಾಡುತ್ತಾರೆ? ಯಂತ್ರಕ್ಕೆ ತಕ್ಕಂತೆ ಹಾಡು ಕತ್ತರಿಸುತ್ತಾರೆ. ಇದು ಹೊಸದೇನಲ್ಲ. 78 ಆರ್.ಪಿ.ಎಂ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಗಂಟೆಗಟ್ಟಲೆ ಹಾಡುವ ವಿದ್ವಾಂಸರೂ ಅಷ್ಟರಲ್ಲೇ ರಾಗ ತೋರಿಸಿ ಮುಗಿಸುತ್ತಿದ್ದರು. ಈಗ ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಪ್ಲೇ ಎಂದು ಲೆಕ್ಕ. ಅಷ್ಟರೊಳಗೆ ಕೇಳುಗ ಮುಂದಕ್ಕೆ ಒತ್ತಿದರೆ ಕಾಸಿಲ್ಲ. ಹಾಗಾಗಿ ಉದ್ದದ ವಾದ್ಯ ಸಂಗೀತದ ಮುನ್ನುಡಿ ಮಾಯ. ಪಲ್ಲವಿ ಮೊದಲೇ ಬರಬೇಕು. ರೀಲ್ಸಿಗೆ ಹದಿನೈದು ಸೆಕೆಂಡಿನ ತುಣುಕು ಇರಲೇಬೇಕು. ಆಲಾಪನೆ ಮಾಡುವವರ ಪಾಡು ಕೇಳಬೇಡಿ. ಮೈಸೂರಿನ ಎಂಟನೇ ಕ್ರಾಸಿನ ಗಣೇಶೋತ್ಸವ, ದಸರಾ ವೇದಿಕೆ, ಸಭೆಗಳ ಕಛೇರಿ, ಪಾಠ. ಶಾಸ್ತ್ರೀಯ ಸಂಗೀತದವರ ಸಂಸಾರ ನಡೆಯುವುದು ಇವತ್ತಿಗೂ ಇವುಗಳಿಂದಲೇ. ಆನ್‌ಲೈನ್ ಹಾಡು ಅವರ ಪಾಲಿಗೆ ವಿಸಿಟಿಂಗ್ ಕಾರ್ಡು. ಮೊಮ್ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಂದ ಜೂಮ್ ಪಾಠಕ್ಕೆ ಕರೆ ಬರುವುದೂ ಆ ಕಾರ್ಡಿನಿಂದಲೇ.

ಇಷ್ಟರ ಮೇಲೆ ಎ.ಐ. (ಕೃತಕ ಬುದ್ಧಿಮತ್ತೆ) ಬಂದಿದೆ. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಡೀಜರ್ ಎಂಬ ಸ್ಟ್ರೀಮಿಂಗ್ ಕಂಪನಿ ಒಂದು ಲೆಕ್ಕ ಕೊಟ್ಟಿತು. ತನಗೆ ದಿನಕ್ಕೆ ಬರುವ ಹಾಡುಗಳಲ್ಲಿ ಶೇ. 18ರಷ್ಟು, ಅಂದರೆ 20,000ಕ್ಕೂ ಜಾಸ್ತಿ, ಪೂರ್ತಿ ಯಂತ್ರ ಮಾಡಿದವು ಎಂದು. ಮೇಲಿನ 7,000 ರೂಪಾಯಿ ಲೆಕ್ಕ ನೆನಪಿದೆಯಲ್ಲ? ಅದೇ ಹಣದಲ್ಲಿ ಇವಕ್ಕೂ ಪಾಲು. ಧ್ವನಿ ನಕಲಿನ ಜಗಳವೂ ಶುರುವಾಗಿದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಎ.ಐ.ಯಿಂದ ಮರುಸೃಷ್ಟಿಸಿದ ಒಂದು ತೆಲುಗು ಚಿತ್ರದವರಿಗೆ ಅವರ ಮಗ 2024ರಲ್ಲಿ ನೋಟಿಸ್ ಕೊಟ್ಟರು. ಅಪ್ಪಣೆ ಕೇಳಿಲ್ಲ ಎಂಬುದು ಅವರ ತಕರಾರು. ಅದೇ ವರ್ಷ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯ ನಕಲಿಗೆ ತಡೆ ಕೊಟ್ಟಿತು. ಎ.ಆರ್. ರೆಹಮಾನ್ ಮಾತ್ರ ತೀರಿಕೊಂಡ ಇಬ್ಬರು ಗಾಯಕರ ಧ್ವನಿ ಬಳಸುವ ಮೊದಲು ಮನೆಯವರನ್ನು ಕೇಳಿದ್ದರು, ದುಡ್ಡೂ ಕೊಟ್ಟಿದ್ದರು.

ಕೋರ್ಟಿಗೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅದಕ್ಕೆ ಸಹಿಯ ಹೊತ್ತಿನಲ್ಲೇ ಎಚ್ಚರ ಬೇಕು. ಕಂಪನಿಯವರು ಕೊಡುವ ಒಪ್ಪಂದದಲ್ಲಿ ‘ಈಗ ಇರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ’ ಎಂಬ ಥರದ ಸಾಲು ಇರುತ್ತದೆ. 2012ರ ತಿದ್ದುಪಡಿಯ ಪ್ರಕಾರ ಸಹಿ ಹಾಕುವಾಗ ಇಲ್ಲದ ಅಥವಾ ವ್ಯಾಪಾರದಲ್ಲಿ ಬಳಕೆಗೆ ಬರದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆಯದ ಹೊರತು, ಹಕ್ಕು ವರ್ಗಾವಣೆ ನಡೆಯುವುದಿಲ್ಲ. ಆದರೆ ಎ.ಐ. ಈಗಾಗಲೇ ಬಳಕೆಯಲ್ಲಿದೆ. ಹಾಗಾಗಿ ಧ್ವನಿಯನ್ನು ಯಂತ್ರಕ್ಕೆ ಕಲಿಸಲು ಬಳಸಬಹುದು ಎಂಬ ಮಾತು ಎಲ್ಲಾದರೂ ಇದೆಯಾ ಎಂದು ಗೊತ್ತಿರುವವರಿಂದ ಓದಿಸಿ. ಇದ್ದರೆ ಆ ಸಾಲು ಹೊಡೆಸಿಹಾಕಿ, ಇಲ್ಲಾಂದ್ರೆ ಅದಕ್ಕೆ ಬೇರೆ ದರ ಕೇಳಿ.